ಓದುಗರ ಪ್ರಶ್ನೆ: ಹಿಮಸಾರಂಗದ ನೊಣವನ್ನು ಗುರುತಿಸುವುದು ಹೇಗೆ?

ಉತ್ತರ ಸ್ಕ್ಯಾಂಡಿನೇವಿಯಾದ ಹಿಮಸಾರಂಗ ಸಾಕಣೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಬರಹದಲ್ಲಿ, ಆ ಪ್ರಾಣಿಗಳನ್ನು ಬೇಸಿಗೆಯುದ್ದಕ್ಕೂ ಕಾಡುವ ವಾರ್ಬಲ್ ನೊಣದ (ಇದರ ಮರಿಹುಳು ಪ್ರಾಣಿಯ ಬೆನ್ನಿನ ಚರ್ಮದಡಿಯಲ್ಲಿ ಗಂಟು ಮಾಡಿಕೊಂಡು ಬೆಳೆಯುತ್ತದೆ) ಪ್ರಸ್ತಾಪವಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾವು ಉದ್ಯೋಗದ ನಿಮಿತ್ತ ನಾರ್ವೆಯಲ್ಲಿ ನೆಲೆಸಿದ್ದೇವೆ. ಜುಲೈ ಕೊನೆಯಲ್ಲಿ ಫಿನ್‌ಮಾರ್ಕ್ ಪ್ರದೇಶಕ್ಕೆ ಹೋಗಿದ್ದಾಗ, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗದ ಹಿಂಡಿನ ಬಳಿ ಹಳದಿ ರೋಮದ, ದುಂಬಿಯಂತೆ ಕಾಣುವ ಕೀಟವೊಂದು ನನ್ನ ಮಗಳ ತಲೆಯ ಸುತ್ತ ಸುಳಿದಾಡಿತು. ಹಿಂಡಿನ ಯಜಮಾನರು ಅದು ನೊಣವೆಂದೂ ಮಗುವಿಗೆ ಟೋಪಿ ಹಾಕಬೇಕೆಂದೂ ಹೇಳಿದರು. ಅದು ಕಲ್ಲಿನ ಮೇಲೆ ಕುಳಿತಾಗ ತೆಗೆದ ಚಿತ್ರವನ್ನು ಕಳುಹಿಸಿದ್ದೇನೆ. ಇದು ನಿಮ್ಮ ಬರಹದಲ್ಲಿದ್ದ ನೊಣವೇ? ಟೋಪಿಯ ಮಾತೇಕೆ ಬಂತು?
— ಓದುಗರು, ಟ್ರೋಮ್ಸೊ

ಉತ್ತರ: ಹಿಂಡಿನ ಯಜಮಾನರು ಹೇಳಿದ್ದು ಸರಿ. ಚಿತ್ರದಲ್ಲಿರುವುದು ಹಿಮಸಾರಂಗದ ವಾರ್ಬಲ್ ನೊಣ, ಅದೂ ಹೆಣ್ಣು. ಅದರ ವೈಜ್ಞಾನಿಕ ಹೆಸರು ಹೈಪೋಡರ್ಮಾ ಟರಾಂಡಿ. ಆದರೆ ಈ ಉತ್ತರದ ಎಲ್ಲ ಭಾಗಗಳೂ ಸಮಾನವಾಗಿ ಖಚಿತವಲ್ಲ. ಅದು ನೊಣ ಎಂಬುದಕ್ಕೆ ಚಿತ್ರವೊಂದೇ ಸಾಕು, ಯಾವ ಕುಟುಂಬದ್ದೆಂಬುದನ್ನೂ ಚಿತ್ರದಿಂದಲೇ ಹೇಳಬಹುದು. ಪ್ರಭೇದದ ಹೆಸರಿಗೆ ಮಾತ್ರ ನೀವು ಪತ್ರದಲ್ಲಿ ಬರೆದ ಸ್ಥಳ, ಕಾಲ ಮತ್ತು ಹಿಂಡಿನ ವಿವರಗಳು ಅಗತ್ಯವಾದವು. ಕೀಟವೊಂದರ ಗುರುತು ಹೇಳುವವರು ಯಾವ ಸಾಕ್ಷ್ಯದಿಂದ ಎಷ್ಟು ದೂರ ಹೋದೆವು ಎಂಬುದನ್ನೂ ಹೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಕ್ರಮವಾಗಿ ವಿವರಿಸುತ್ತೇನೆ.

ದುಂಬಿಗೂ ಜೇನಿಗೂ ಎರಡು ಜೊತೆ ರೆಕ್ಕೆಗಳಿರುತ್ತವೆ. ಹಿಂದಿನ ಜೊತೆ ಚಿಕ್ಕದಾಗಿದ್ದು ಮುಂದಿನ ರೆಕ್ಕೆಗೆ ಕೊಂಡಿಗಳಿಂದ ಸೇರಿಕೊಂಡಿರುವುದರಿಂದ, ಕುಳಿತ ಕೀಟದಲ್ಲಿ ಅದು ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ. ನೊಣಗಳಿಗಿರುವುದು ಒಂದೇ ಜೊತೆ ರೆಕ್ಕೆ. ಹಿಂದಿನ ಜೊತೆಯ ಜಾಗದಲ್ಲಿ ಹಾಲ್ಟಿಯರ್ ಎಂಬ, ತುದಿ ಗುಂಡಗಿರುವ ಎರಡು ಪುಟ್ಟ ಅಂಗಗಳಿದ್ದು, ಹಾರಾಟದಲ್ಲಿ ಮೈ ಯಾವ ಕಡೆಗೆ ತಿರುಗುತ್ತಿದೆ ಎಂಬುದನ್ನು ಅರಿಯಲು ಅವು ನೆರವಾಗುತ್ತವೆ. ನಿಮ್ಮ ಚಿತ್ರದಲ್ಲಿ ರೋಮದ ಮರೆಯಿಂದಾಗಿ ಈ ಅಂಗಗಳು ಕಾಣುತ್ತಿಲ್ಲ, ಆದರೆ ತಲೆ ಚೆನ್ನಾಗಿ ಮೂಡಿದೆ, ಅದೇ ಸಾಕು. ದುಂಬಿಗಾದರೆ ನಡುವೆ ಬಾಗಿದ ಉದ್ದನೆಯ ಕುಡಿಮೀಸೆಗಳು ಮುಖದಿಂದ ಮುಂದಕ್ಕೆ ಚಾಚಿಕೊಂಡಿರುತ್ತವೆ. ಇದರ ಕುಡಿಮೀಸೆಗಳು ಬಹಳ ಗಿಡ್ಡವಾಗಿದ್ದು ಮುಖದ ನಡುವಿನ ತಗ್ಗಿನಲ್ಲಿ ಹುದುಗಿವೆ, ಒಂದೊಂದರಿಂದಲೂ ತೆಳ್ಳನೆಯ ಒಂದು ಕೂದಲು ಮಾತ್ರ ಹೊರಬಂದಿದೆ. ಹಿಂಗಾಲಿನಲ್ಲಿ ಪರಾಗದ ಬುಟ್ಟಿಯೂ ಇಲ್ಲ.

ಇನ್ನು ಬಾಯಿ. ದುಂಬಿಯನ್ನು ಹೋಲುವ ನೊಣಗಳು ಉತ್ತರದ ನಾಡುಗಳಲ್ಲಿ ಹಲವಿವೆ. ಅವುಗಳಲ್ಲಿ ಹೂವಿನ ನೊಣಗಳೇ ಹೆಚ್ಚಾಗಿ ಜನರ ಕಣ್ಣಿಗೆ ಬೀಳುತ್ತವೆ. ಹೂವಿನ ನೊಣಕ್ಕೆ ಮಕರಂದ ಹೀರಲು ಚೆನ್ನಾಗಿ ಬೆಳೆದ ಬಾಯಿ ಇರುತ್ತದೆ. ನಿಮ್ಮ ಚಿತ್ರದ ನೊಣಕ್ಕೆ ಬಾಯಿ ಇರಬೇಕಾದ ಕಡೆ ಸಣ್ಣದೊಂದು ಸೀಳು ಮಾತ್ರ ಇದೆ. ಬಾಯಿ ಹೀಗೆ ಹೆಸರಿಗಷ್ಟೇ ಉಳಿದಿರುವುದು ಈಸ್ಟ್ರಿಡೇ ಎಂಬ ಕುಟುಂಬದ ದೊಡ್ಡ ಗುರುತು. ಈ ಕುಟುಂಬದ ಪ್ರೌಢ ನೊಣಗಳು ಏನನ್ನೂ ತಿನ್ನುವುದಿಲ್ಲ. ಮರಿಹುಳುವಾಗಿದ್ದಾಗ ಪ್ರಾಣಿಯ ಮೈಯೊಳಗೆ ಕೂಡಿಟ್ಟುಕೊಂಡ ಕೊಬ್ಬಿನ ಬಲದಿಂದಲೇ ಹಾರಿ, ಜೊತೆಗೂಡಿ, ಸಂತತಿಯನ್ನು ಬಿಟ್ಟು ಸಾಯುತ್ತವೆ. ಆದ್ದರಿಂದ ದುಂಬಿಯಂಥ ನೊಣವೊಂದು ಹೂವಿನ ಮೇಲೆ ಕುಳಿತು ಹೀರುತ್ತಿದ್ದರೆ ಅದು ವಾರ್ಬಲ್ ನೊಣವಲ್ಲ ಎಂದು ನೀವು ಧೈರ್ಯವಾಗಿ ಹೇಳಬಹುದು.

ಕುಟುಂಬ ತಿಳಿದ ಮೇಲೆ ಕಷ್ಟದ ಹಂತ ಎದುರಾಗುತ್ತದೆ. ಹಿಮಸಾರಂಗವನ್ನು ಕಾಡುವ ಈಸ್ಟ್ರಿಡೇ ನೊಣಗಳು ಅಲ್ಲಿ ಎರಡಿವೆ. ಒಂದು ಹೈಪೋಡರ್ಮಾ ಟರಾಂಡಿ. ಇನ್ನೊಂದು ಸೆಫೆನೆಮೈಯಾ ಟ್ರೋಂಪೆ, ಅಂದರೆ ಹಿಮಸಾರಂಗದ ಮೂಗು ಮತ್ತು ಗಂಟಲಿನಲ್ಲಿ ಬೆಳೆಯುವ ನೊಣ. ಎರಡೂ ರೋಮಭರಿತ, ಎರಡೂ ದುಂಬಿಯನ್ನು ಹೋಲುತ್ತವೆ, ಎರಡೂ ಒಂದೇ ಬೇಸಿಗೆಯಲ್ಲಿ ಒಂದೇ ಹಿಂಡಿನ ಸುತ್ತ ಹಾರುತ್ತವೆ. ಬಣ್ಣವನ್ನು ನಂಬಿ ಇವನ್ನು ಬೇರ್ಪಡಿಸಲು ಹೊರಡುವುದು ಒಳ್ಳೆಯದಲ್ಲ, ಏಕೆಂದರೆ ರೋಮ ಉದುರುತ್ತದೆ, ಬೆಳಕಿಗೆ ತಕ್ಕಂತೆ ಬಣ್ಣ ಬೇರೆಯಾಗಿ ಕಾಣುತ್ತದೆ. ಹೆಣ್ಣು ನೊಣವಾದರೆ ಹೊಟ್ಟೆಯ ತುದಿಯನ್ನು ನೋಡಬೇಕು. ಹೈಪೋಡರ್ಮಾದ ಹೆಣ್ಣಿಗೆ ಪ್ರಾಣಿಯ ರೋಮದ ನಡುವೆ ಇಳಿಸಿ ಕೂದಲಿಗೆ ಮೊಟ್ಟೆ ಅಂಟಿಸಲು ಬೇಕಾದ, ಒಂದರೊಳಗೊಂದು ಸರಿದು ನೀಳವಾಗುವ ಮೊಟ್ಟೆನಾಳವಿರುತ್ತದೆ. ಸೆಫೆನೆಮೈಯಾ ಮೊಟ್ಟೆಯನ್ನೇ ಇಡುವುದಿಲ್ಲ; ಮೈಯೊಳಗೇ ಒಡೆದು ಬಂದ ಜೀವಂತ ಮರಿಹುಳುಗಳನ್ನು ಹಾರುತ್ತಲೇ ಪ್ರಾಣಿಯ ಮೂಗಿನತ್ತ ಚಿಮ್ಮಿಸುತ್ತದೆ, ಆದ್ದರಿಂದ ಅದಕ್ಕೆ ಅಂಥ ನಾಳ ಬೇಕಿಲ್ಲ. ನಿಮ್ಮ ಚಿತ್ರದಲ್ಲಿ ಆ ನಾಳದ ತುದಿ ಸ್ವಲ್ಪ ಹೊರಚಾಚಿದೆ. ಗಂಡು ನೊಣವಾಗಿದ್ದರೆ ಈ ಸಾಕ್ಷ್ಯ ಸಿಗುತ್ತಿರಲಿಲ್ಲ. ಆಗ ಅದು ಎಲ್ಲಿತ್ತು ಎಂಬ ಸಂಗತಿ ಕೊಂಚ ನೆರವಾಗುತ್ತಿತ್ತು. ಹೈಪೋಡರ್ಮಾ ಟರಾಂಡಿಯ ಗಂಡುಗಳು ಹೆಣ್ಣಿಗಾಗಿ ತೊರೆಯ ಪಾತ್ರ, ಕಣಿವೆಯಂಥ ತಗ್ಗುಗಳಲ್ಲಿ ಕಾದಿರುತ್ತವೆ, ಸೆಫೆನೆಮೈಯಾದ ಗಂಡುಗಳು ಗುಡ್ಡದ ನೆತ್ತಿಯನ್ನು ಆರಿಸಿಕೊಳ್ಳುತ್ತವೆ.

ಹೀಗೆ ಕುಲ ಹೈಪೋಡರ್ಮಾ ಎಂದಾಯಿತು. ಯೂರೋಪಿನಲ್ಲಿ ಈ ಕುಲದ ಇತರ ಪ್ರಭೇದಗಳೂ ಇವೆ, ಆದರೆ ಅವು ದನಗಳನ್ನೋ ಬೇರೆ ಜಾತಿಯ ಜಿಂಕೆಗಳನ್ನೋ ಅವಲಂಬಿಸಿವೆ. ಫಿನ್‌ಮಾರ್ಕ್, ಜುಲೈ, ಹಿಮಸಾರಂಗದ ಹಿಂಡು ಈ ಮೂರೂ ಕೂಡಿದಾಗ ಟರಾಂಡಿಯಲ್ಲದೆ ಬೇರೊಂದನ್ನು ಊಹಿಸಲು ಕಾರಣವಿಲ್ಲ. ಹಾಗಿದ್ದರೂ ಇದು ಸಂದರ್ಭವನ್ನು ನೆಚ್ಚಿದ ತೀರ್ಮಾನ ಎಂಬುದನ್ನು ನೀವು ನೆನಪಿನಲ್ಲಿಡಬೇಕು. ಅದೇ ನೊಣ ಊರು, ತಿಂಗಳು, ಹಿಂಡು ಯಾವುದನ್ನೂ ಬರೆಯದ ಚೀಟಿಯೊಡನೆ ನನ್ನ ಮುಂದೆ ಬಂದಿದ್ದರೆ ನಾನು ಕುಲದ ಹೆಸರಿನಲ್ಲೇ ನಿಲ್ಲುತ್ತಿದ್ದೆ.

ಈಗ ಟೋಪಿಯ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಈ ನೊಣದ ಮೊಟ್ಟೆ ಹಿಮಸಾರಂಗದ ಕೂದಲಿನಲ್ಲಿ ಕೆಲವೇ ದಿನಗಳಲ್ಲಿ ಒಡೆದು, ಮರಿಹುಳು ಚರ್ಮವನ್ನು ತೂರಿ ಒಳಸೇರುತ್ತದೆ, ಚರ್ಮದಡಿಯಲ್ಲೇ ಸಾಗಿ ಬೆನ್ನಿಗೆ ಬಂದು, ಉಸಿರಾಡಲು ಚರ್ಮದಲ್ಲೊಂದು ರಂಧ್ರ ಮಾಡಿಕೊಂಡು ಚಳಿಗಾಲವಿಡೀ ಅಲ್ಲಿಯೇ ಬೆಳೆಯುತ್ತದೆ. ಮುಂದಿನ ಮೇ–ಜೂನ್ ಹೊತ್ತಿಗೆ ಅದು ನೆಲಕ್ಕೆ ಬಿದ್ದು ಕೋಶವಾಗುತ್ತದೆ. ಒಂದೇ ಪ್ರಾಣಿಯ ಬೆನ್ನಿನಲ್ಲಿ ನೂರಾರು ಹುಳುಗಳಿರುವುದುಂಟು. ಕೆಲವೊಮ್ಮೆ ನೊಣವು ಮನುಷ್ಯರ ತಲೆಗೂದಲಿಗೂ ಮೊಟ್ಟೆ ಅಂಟಿಸುತ್ತದೆ. ಮನುಷ್ಯನ ಮೈಯಲ್ಲಿ ಮರಿಹುಳು ಪೂರ್ತಿ ಬೆಳೆಯಲಾರದಾದರೂ ಅಲೆದಾಡಬಲ್ಲದು. ನೆತ್ತಿ, ಹಣೆ, ಮುಖದ ಮೇಲೆ ಜಾಗ ಬದಲಿಸುವ ಊತಗಳು, ಗ್ರಂಥಿಗಳ ಬಾವು ಕಾಣಿಸಿಕೊಳ್ಳುತ್ತವೆ, ಅಪರೂಪಕ್ಕೆ ಹುಳು ಕಣ್ಣನ್ನು ಹೊಕ್ಕು ದೃಷ್ಟಿಗೇ ಅಪಾಯ ತರುತ್ತದೆ. ನೀವು ಹೋಗಿದ್ದ ಫಿನ್‌ಮಾರ್ಕ್‌ನಲ್ಲೇ 2011ರಿಂದ 2016ರವರೆಗಿನ ಅವಧಿಯಲ್ಲಿ ಇಂಥ 39 ರೋಗಿಗಳನ್ನು ವೈದ್ಯರು ದಾಖಲಿಸಿದ್ದಾರೆ, ಅವರಲ್ಲಿ ಹೆಚ್ಚಿನವರು ಮಕ್ಕಳು. ಮಗಳ ತಲೆಗೂದಲನ್ನು ಒಮ್ಮೆ ಬೆಳಕಿನಲ್ಲಿ ಬಿಡಿಸಿ ನೋಡಿ. ಕೂದಲಿಗೆ ಅಂಟಿದ ಮೊಟ್ಟೆಗಳನ್ನು ಹೇನಿನ ಸೀರೆಂದು ಭಾವಿಸುವ ಸಾಧ್ಯತೆ ಇದೆ. ಮುಂದಿನ ವಾರಗಳಲ್ಲಿ ಒಂದೆಡೆ ಇಳಿದು ಇನ್ನೊಂದೆಡೆ ಏಳುವ ಊತ ಕಂಡರೆ, ಹಿಮಸಾರಂಗದ ಹಿಂಡಿನ ಬಳಿ ಇದ್ದೆವೆಂಬ ಸಂಗತಿಯನ್ನು ವೈದ್ಯರಿಗೆ ನೀವಾಗಿಯೇ ತಿಳಿಸಿ. ಮರಿಹುಳು ಸ್ರವಿಸುವ ಹೈಪೋಡರ್ಮಿನ್ ಎಂಬ ಕಿಣ್ವದ ವಿರುದ್ಧ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ರಕ್ತಪರೀಕ್ಷೆಯಿಂದ ಪತ್ತೆಹಚ್ಚಬಹುದು, ಐವರ್ಮೆಕ್ಟಿನ್ ಔಷಧದಿಂದ ಚಿಕಿತ್ಸೆಯೂ ಇದೆ.

ಪ್ರಶ್ನೆ: ನಮ್ಮ ಕಾಲೇಜಿನ ಗ್ರಂಥಾಲಯದ ಹಳೆಯ ಪುಸ್ತಕವೊಂದರಲ್ಲಿ ಈ ನೊಣವನ್ನು ಈಡಿಮಾಜೀನಾ ಟರಾಂಡಿ ಎಂದು ಕರೆದಿದ್ದಾರೆ, ನಿಮ್ಮ ಬರಹದಲ್ಲಿ ಹೈಪೋಡರ್ಮಾ ಟರಾಂಡಿ ಎಂದಿದೆ. ಇವೆರಡೂ ಒಂದೇ ಆಗಿದ್ದರೆ ಕುಲದ ಹೆಸರು ಬದಲಾದದ್ದೇಕೆ? ಹೆಸರಿನ ಮುಂದೆ ಲಿನೇಯಸ್ ಮತ್ತು ಇಸವಿಯನ್ನು ಆವರಣದೊಳಗೆ ಬರೆಯುವುದೇಕೆ?
— ಪ್ರಾಣಿಶಾಸ್ತ್ರ ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಎರಡೂ ಒಂದೇ ನೊಣ. ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಿದರೆ ಮೊದಲನೆಯದು ಸುಲಭವಾಗುತ್ತದೆ.

ಸ್ವೀಡನ್ನಿನ ಪ್ರಕೃತಿವಿಜ್ಞಾನಿ ಲಿನೇಯಸ್ 1732ರ ಮೇ ತಿಂಗಳಲ್ಲಿ ಉಪ್ಸಲಾದಿಂದ ಹೊರಟು ಲ್ಯಾಪ್‌ಲ್ಯಾಂಡಿನಲ್ಲಿ ಸುತ್ತಾಡಿದ್ದು ನಿಮಗೆ ತಿಳಿದೇ ಇದೆ. ಸಾಮಿ ಜನರ ನಡುವೆ ಓಡಾಡಿದ ಆತನಿಗೆ ಹಿಮಸಾರಂಗವನ್ನು ಕಾಡುವ ಈ ನೊಣದ ಬಗ್ಗೆ ತೀವ್ರ ಆಸಕ್ತಿ ಹುಟ್ಟಿತು. 1739ರಲ್ಲಿ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲ್ಯಾಪ್‌ಲ್ಯಾಂಡಿನ ಹಿಮಸಾರಂಗಗಳ ಬೆನ್ನಿನ ಈ ಗಂಟುಗಳ ಬಗ್ಗೆಯೇ ಲೇಖನ ಬರೆದನು. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಅಧಿಕೃತವಾಗಿ ಶುರುವಾಗುವುದು ಆತನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಿಂದ, ಅಂದರೆ 1758ರಿಂದ. ಅದರಲ್ಲಿ ಈ ನೊಣಕ್ಕೆ ಈಸ್ಟ್ರಸ್ ಟರಾಂಡಿ ಎಂಬ ಹೆಸರಿದೆ. ಕುದುರೆಯ ಹೊಟ್ಟೆಯ ನೊಣ, ಕುರಿಯ ಮೂಗಿನ ನೊಣ, ದನದ ಬೆನ್ನಿನ ನೊಣ ಎಲ್ಲವನ್ನೂ ಆತ ಈಸ್ಟ್ರಸ್ ಎಂಬ ಒಂದೇ ಕುಲದಲ್ಲಿ ಇರಿಸಿದ್ದನು. ಮೊದಲು ವಿವರಿಸಿದವನು ಇರಿಸಿದ ಕುಲದಿಂದ ಪ್ರಭೇದವೊಂದನ್ನು ಮುಂದೆ ಬೇರೆ ಕುಲಕ್ಕೆ ಸಾಗಿಸಿದರೆ, ಮೂಲ ವಿವರಣೆಕಾರನ ಹೆಸರನ್ನೂ ಇಸವಿಯನ್ನೂ ಆವರಣದೊಳಗೆ ಬರೆಯಬೇಕೆಂಬುದು ಪ್ರಾಣಿನಾಮಕರಣದ ನಿಯಮ. ಆದ್ದರಿಂದಲೇ ‘ಹೈಪೋಡರ್ಮಾ ಟರಾಂಡಿ (ಲಿನೇಯಸ್, 1758)’. ಆ ಆವರಣವನ್ನು ಕಂಡೊಡನೆ ಈ ಪ್ರಭೇದಕ್ಕೆ ಹಿಂದೊಂದು ಮನೆ ಇತ್ತೆಂದು ತಿಳಿಯಬೇಕು. ವಿದ್ಯಾರ್ಥಿಗಳಿಗೆ ಇದನ್ನು ಮೊದಲ ವರ್ಷದಲ್ಲೇ ಹೇಳಿಕೊಟ್ಟರೆ ಹಳೆಯ ಸಾಹಿತ್ಯವನ್ನು ಹುಡುಕುವಾಗ ಅವರಿಗೆ ಬಹಳ ಉಪಯೋಗವಾಗುತ್ತದೆ.

ಮನೆ ಬದಲಾದದ್ದು ಎರಡು ಸಲ. ಫ್ರಾನ್ಸಿನ ಕೀಟವಿಜ್ಞಾನಿ ಲಾಟ್ರೆಯ್ 1818ರಲ್ಲಿ ಲಿನೇಯಸ್‌ನ ದೊಡ್ಡ ಕುಲವನ್ನು ಒಡೆದು ಹೈಪೋಡರ್ಮಾ, ಈಡಿಮಾಜೀನಾ ಮೊದಲಾದ ಕುಲಗಳನ್ನು ಸ್ಥಾಪಿಸಿದನು. ದನದ ಬೆನ್ನಿನ ನೊಣಕ್ಕೂ ಹಿಮಸಾರಂಗದ ಬೆನ್ನಿನ ನೊಣಕ್ಕೂ ಆತ ಕಂಡ ವ್ಯತ್ಯಾಸ ಬಾಯಿಯದು: ಎರಡನೆಯದರ ಬಾಯಿಯ ಬಳಿ ಪ್ಯಾಲ್ಪ್ ಎಂಬ ಪುಟ್ಟ ಅಂಗಗಳು ಉಳಿದಿವೆ, ಮೊದಲನೆಯದರಲ್ಲಿ ಅವಿಲ್ಲ. ಅಂದಿನ ವರ್ಗೀಕರಣದಲ್ಲಿ ಬಾಯಿಯ ಭಾಗಗಳಿಗೆ ಬಹಳ ತೂಕವಿದ್ದುದರಿಂದ ಇಷ್ಟೇ ಸಾಕಾಯಿತು, ನಿಮ್ಮ ಗ್ರಂಥಾಲಯದ ಪುಸ್ತಕದವರೆಗೂ ಆ ಹೆಸರು ನಡೆದುಬಂತು. ಆದರೆ ಬಾಯಿಯನ್ನು ಬಳಸುವುದನ್ನೇ ಬಿಟ್ಟ ಕುಟುಂಬದಲ್ಲಿ, ಕ್ಷಯಿಸುತ್ತಿರುವ ಅಂಗವೊಂದು ಒಂದು ಪ್ರಭೇದದಲ್ಲಿ ಚೂರು ಉಳಿದಿದೆ, ಇನ್ನೊಂದರಲ್ಲಿ ಪೂರ್ತಿ ಅಳಿದಿದೆ ಎಂಬುದು ಬೇರೆ ಬೇರೆ ಕುಲಗಳೆಂದು ಹೇಳಲು ದುರ್ಬಲವಾದ ಆಧಾರ. ಇತ್ತ ಇವೆರಡನ್ನೂ ಒಂದುಗೂಡಿಸುವ ಲಕ್ಷಣಗಳು ಗಟ್ಟಿಯಾಗಿವೆ: ಕೂದಲಿಗೆ ಅಂಟುವ ಮೊಟ್ಟೆ, ಬೆನ್ನಿನ ಚರ್ಮದಡಿಯಲ್ಲಿ ರಂಧ್ರದ ಮೂಲಕ ಉಸಿರಾಡುತ್ತ ಬೆಳೆಯುವ ಹುಳು, ಅದರ ಕೊನೆಯ ಹಂತದಲ್ಲಿ ಬಾಯಿಯ ಕೊಕ್ಕೆಗಳು ಇಲ್ಲವೆನ್ನುವಷ್ಟು ಕ್ಷೀಣಿಸಿರುವುದು. ಇವನ್ನೆಲ್ಲ ಒಟ್ಟಾಗಿ ತೂಗಿ ನೋಡಿದ ವರ್ಗೀಕರಣಕಾರರು 20ನೆಯ ಶತಮಾನದ ಕೊನೆಯ ಭಾಗದಲ್ಲಿ ಈಡಿಮಾಜೀನಾವನ್ನು ಹೈಪೋಡರ್ಮಾದೊಳಗೆ ಸೇರಿಸಿದರು. ನನಗೆ ಈ ನಿರ್ಧಾರ ಸರಿಯೆನಿಸುತ್ತದೆ. ಹಾಗೆಂದು ಲಾಟ್ರೆಯ್‌ನ ಕಣ್ಣು ತಪ್ಪಿತ್ತೆಂದು ಹೇಳಲಾಗದು. ಆತ ಕಂಡ ವ್ಯತ್ಯಾಸ ಇಂದಿಗೂ ನಿಜವೇ, ಅದು ಪ್ರಭೇದದ ಮಟ್ಟದ ವ್ಯತ್ಯಾಸ ಅಷ್ಟೆ.

ಪ್ರಯೋಗಾಲಯದ ಮಾತನ್ನೂ ಸೇರಿಸುತ್ತೇನೆ. ಪಶುವೈದ್ಯರ ಕೈಗೆ ಸಿಗುವುದು ಸಾಮಾನ್ಯವಾಗಿ ಮರಿಹುಳುವೇ ಹೊರತು ಹಾರುವ ನೊಣವಲ್ಲ. ಕೊನೆಯ ಹಂತದ ಹುಳುವಿನಲ್ಲಿ ಯಾವ ಯಾವ ಖಂಡಗಳ ಮೇಲೆ ಮುಳ್ಳುಗಳಿವೆ, ಹಿಂತುದಿಯ ಉಸಿರುಫಲಕಗಳ ಆಕಾರವೇನು ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಭೇದವನ್ನು ನಿರ್ಧರಿಸುತ್ತಾರೆ. ಎಳೆಯ ಹುಳುವಿನಲ್ಲಿ ಇದು ಕಷ್ಟ. ಇಟಲಿಯ ಬಾರಿ ನಗರದ ಡೊಮೆನಿಕೊ ಒಟ್ರಾಂಟೊ ಮತ್ತು ಸಂಗಡಿಗರು 2000ದ ದಶಕದಲ್ಲಿ ಮೈಟೊಕಾಂಡ್ರಿಯಾದ ಸಿಓಐ ಎಂಬ ಜೀನಿನ ಅಕ್ಷರಕ್ರಮವನ್ನು ಹೋಲಿಸಿ, ಟರಾಂಡಿಯೂ ಸೇರಿದಂತೆ ಈ ಕುಲದ ಪ್ರಭೇದಗಳನ್ನು ಮರಿಹುಳುವಿನ ತುಣುಕಿನಿಂದಲೇ ಬೇರ್ಪಡಿಸಬಹುದೆಂದು ತೋರಿಸಿದರು. ಚೀನಾದ ದನ ಮತ್ತು ಯಾಕ್‌ಗಳಲ್ಲಿ ಸಿಗುವ, 1926ರಲ್ಲಿ ಪ್ಲೆಸ್ಕೆ ಹೆಸರಿಸಿದ್ದ ಹೈಪೋಡರ್ಮಾ ಸೈನೆನ್ಸ್ ಸ್ವತಂತ್ರ ಪ್ರಭೇದವೆಂಬುದು ಮತ್ತೆ ಸ್ಥಾಪಿತವಾದದ್ದೂ ಇಂಥ ಹೋಲಿಕೆಯಿಂದಲೇ. ಅಲ್ಲಿ ಕೂಡ ಜೀನಿನ ಸಾಕ್ಷ್ಯ ಸಿಕ್ಕ ಮೇಲೆ ಹುಳುವಿನ ಹೊರಲಕ್ಷಣಗಳನ್ನು ಹೊಸದಾಗಿ ಪರೀಕ್ಷಿಸಲಾಯಿತು. ಅಕ್ಷರಕ್ರಮ ಬಂದಿತೆಂದು ಸೂಕ್ಷ್ಮದರ್ಶಕವನ್ನು ಬದಿಗಿಡುವ ಪ್ರವೃತ್ತಿ ನಮ್ಮ ಕಾಲೇಜುಗಳಲ್ಲಿ ಬೆಳೆಯಬಾರದೆಂಬ ಕಾಳಜಿಯಿಂದ ಇದನ್ನು ಬರೆದೆ.

ಪ್ರಶ್ನೆ: ಆರ್ಕ್ಟಿಕ್‌ನಂಥ ಚಳಿಯ ನಾಡಿನಲ್ಲಿ ನೊಣಗಳು ಒಂದೆರಡು ಬಗೆ ಮಾತ್ರ ಇರಬಹುದೆಂದುಕೊಂಡಿದ್ದೆ. ಅಲ್ಲಿ ಬೇರೆ ನೊಣಗಳೂ ಇವೆಯೇ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಆರ್ಕ್ಟಿಕ್‌ನ ಕೀಟ ಪ್ರಭೇದಗಳಲ್ಲಿ ಸುಮಾರು ಅರ್ಧದಷ್ಟು ನೊಣಗಳ ಗಣಕ್ಕೇ ಸೇರಿವೆ, ಸೊಳ್ಳೆಗಳೂ ಕಚ್ಚದ ಸಣ್ಣ ಮಿಡ್ಜ್‌ಗಳೂ ಈ ಗಣದವೇ. ನಾವು ಮೇಲೆ ಚರ್ಚಿಸಿದ ನೊಣ ದೊಡ್ಡದು, ಅದರ ಗುರುತು ಹಿಡಿಯುವುದು ಅಷ್ಟು ಕಠಿಣವಲ್ಲ. ನಿಜವಾದ ಕಷ್ಟವಿರುವುದು ಸ್ಪಿಲೊಗೋನಾ ಎಂಬ ಕುಲದಂಥ ಬೂದುಬಣ್ಣದ ಪುಟ್ಟ ನೊಣಗಳಲ್ಲಿ. ಇವು ಮನೆನೊಣದ ಕುಟುಂಬಕ್ಕೆ ಸೇರಿದ್ದು ಒಂದನ್ನೊಂದು ಬಹಳವಾಗಿ ಹೋಲುತ್ತವೆ. ಕಾಲು ಮತ್ತು ಎದೆಯ ಮೇಲಿನ ಬಿರುಗೂದಲುಗಳ ಸಂಖ್ಯೆ, ಜೋಡಣೆ, ಗಂಡಿನ ಜನನಾಂಗದ ರಚನೆ ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಪ್ರಭೇದವನ್ನು ಹೇಳಲಾಗದು. ಈಶಾನ್ಯ ಗ್ರೀನ್‌ಲ್ಯಾಂಡಿನ ಜಾಕೆನ್‌ಬರ್ಗ್‌ನಲ್ಲಿ ಡ್ರಯಾಸ್ ಎಂಬ ಬಿಳಿ ಹೂವಿನ ಗಿಡಕ್ಕೆ ಪರಾಗ ತಲುಪಿಸುವ ಕೀಟಗಳು ಯಾವುವೆಂದು ತಿಳಿಯಲು ಸಂಶೋಧಕರು ಹೂವಿನಾಕಾರದ ಅಂಟುಬಲೆಗಳನ್ನಿಟ್ಟು, ಸಿಕ್ಕ ಕೀಟಗಳನ್ನು ಡಿಎನ್‌ಎ ಬಾರ್‌ಕೋಡ್ ಮೂಲಕ ಗುರುತಿಸಿದರು. ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ಮುಂದಿಟ್ಟ ಈ ವಿಧಾನದಲ್ಲಿ, ಮೇಲೆ ಹೇಳಿದ ಸಿಓಐ ಜೀನಿನ 650ರಷ್ಟು ಅಕ್ಷರಗಳ ಒಂದು ಭಾಗವನ್ನು ಓದಿ, ಹೆಸರು ಖಚಿತವಾಗಿರುವ ಮಾದರಿಗಳ ಜೊತೆ ಹೋಲಿಸುತ್ತಾರೆ. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹೂವಿಗೆ ಬರುವ ಹಲವು ಕೀಟಗಳ ನಡುವೆ ಸ್ಪಿಲೊಗೋನಾ ಸ್ಯಾಂಕ್ಟಿಪೌಲಿ ಎಂಬ ಒಂದು ನೊಣವೇ ಬೀಜ ಕಟ್ಟುವುದಕ್ಕೆ ಮುಖ್ಯ ಕಾರಣವೆಂದು ಕಂಡುಬಂತು. ‘ನೊಣಗಳು’ ಎಂಬ ಒಂದೇ ಸಾಲಿನಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದರೆ ಈ ಸಂಗತಿ ಹೊರಬರುತ್ತಲೇ ಇರಲಿಲ್ಲ.

ಪ್ರಶ್ನೆ: ನಮ್ಮದು ಕುರಿ ಸಾಕುವ ಮನೆತನ. ನಮ್ಮ ಕುರಿಗಳು ಸೀನಿದಾಗ ಮೂಗಿನಿಂದ ದಪ್ಪ ಹುಳುಗಳು ಬೀಳುತ್ತವೆ, ಗಾಯಗಳಲ್ಲೂ ಹುಳು ಬೀಳುತ್ತದೆ. ಇವು ಆ ಹಿಮಸಾರಂಗದ ನೊಣಕ್ಕೆ ಸಂಬಂಧಪಟ್ಟವೇ?
— ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಮೂಗಿನ ಹುಳು ಹತ್ತಿರದ ಸಂಬಂಧಿ, ಗಾಯದ ಹುಳು ದೂರದ್ದು. ಕುರಿಯ ಮೂಗಿನಲ್ಲಿ ಬೆಳೆಯುವುದು ಈಸ್ಟ್ರಸ್ ಓವಿಸ್ ಎಂಬ ನೊಣದ ಮರಿಹುಳು. ಲಿನೇಯಸ್ 1758ರಲ್ಲಿ ಹಿಮಸಾರಂಗದ ನೊಣದ ಜೊತೆಯಲ್ಲೇ ಒಂದೇ ಕುಲದಲ್ಲಿ ಹೆಸರಿಸಿದ್ದು ಇದನ್ನೇ. ಇಂದಿಗೂ ಎರಡೂ ಈಸ್ಟ್ರಿಡೇ ಕುಟುಂಬದಲ್ಲಿವೆ, ಆದರೆ ಉಪಕುಟುಂಬ ಬೇರೆ. ಉತ್ತರದ ನಾಡುಗಳಲ್ಲಿ ನಿಮ್ಮ ಕುರಿಯ ನೊಣಕ್ಕೆ ಹೆಚ್ಚು ಹತ್ತಿರವಾದುದು ಮೊದಲ ಉತ್ತರದಲ್ಲಿ ಹೇಳಿದ ಸೆಫೆನೆಮೈಯಾ. ಅದೂ ಇದೂ ಒಂದೇ ಉಪಕುಟುಂಬದವು. ಎರಡೂ ಮೊಟ್ಟೆಯಿಡದೆ ಜೀವಂತ ಮರಿಗಳನ್ನು ಮೂಗಿಗೆ ಚಿಮ್ಮಿಸುತ್ತವೆ, ಎರಡರ ಹುಳುಗಳಿಗೂ ಒಳಗಿನ ಪೊರೆಗೆ ಕಚ್ಚಿಕೊಳ್ಳಲು ಬಲವಾದ ಬಾಯಿಕೊಕ್ಕೆಗಳಿವೆ. ಹಗಲಿನಲ್ಲಿ ಕುರಿಗಳು ತಲೆ ತಗ್ಗಿಸಿ, ಮೂಗನ್ನು ನೆಲಕ್ಕೋ ಪಕ್ಕದ ಕುರಿಯ ಮೈಗೋ ಒತ್ತಿಕೊಂಡು ಗುಂಪುಗೂಡಿ ನಿಲ್ಲುವುದನ್ನು ನೀವು ನೋಡಿರುತ್ತೀರಿ; ಆ ನೊಣದಿಂದ ಮೂಗನ್ನು ಕಾಪಾಡಿಕೊಳ್ಳುವ ಪ್ರಯತ್ನ ಅದು.

ಗಾಯದಲ್ಲಿ ಬೀಳುವ ಹುಳು ಸಾಮಾನ್ಯವಾಗಿ ಹಸಿರು–ನೀಲಿ ಹೊಳಪಿನ ಮಾಂಸದ ನೊಣಗಳ ಕುಟುಂಬದ್ದು. ಕ್ರೈಸೊಮೈಯಾ ಬೆಜ್ಜಿಯಾನಾ ಎಂಬುದು ಅವುಗಳಲ್ಲಿ ಹೆಚ್ಚು ಹಾನಿಕರ. ಅದು ಗಾಯದ ಅಂಚಿನಲ್ಲಿ ಮೊಟ್ಟೆ ಗುಂಪನ್ನೇ ಇಡುತ್ತದೆ, ಹುಳುಗಳು ಕೆಲವೇ ದಿನಗಳಲ್ಲಿ ಬೆಳೆದು ಬೀಳುತ್ತವೆ. ಎರಡನ್ನೂ ಬೇರ್ಪಡಿಸಬೇಕಾದರೆ ಹುಳುವಿನ ಹಿಂತುದಿಯನ್ನು ಭೂತಗನ್ನಡಿಯಲ್ಲಿ ನೋಡಿ: ಗಾಯದ ಹುಳುವಿನ ಎರಡು ಉಸಿರುಫಲಕಗಳಲ್ಲಿ ಒಂದೊಂದರಲ್ಲೂ ಮೂರು ಸೀಳುಗಳು ಕಾಣುತ್ತವೆ, ಮೂಗಿನ ಹುಳುವಿನ ಫಲಕಗಳಲ್ಲಿ ಸೀಳುಗಳಿರುವುದಿಲ್ಲ, ಬಹಳ ಸಣ್ಣ ರಂಧ್ರಗಳು ತುಂಬಿರುತ್ತವೆ. ಮುಂದಿನ ಸಲ ಬಿದ್ದ ಹುಳುವನ್ನು ಕಾಲಿನಿಂದ ಹೊಸಕದೆ, ಸ್ಪಿರಿಟ್ ತುಂಬಿದ ಸಣ್ಣ ಸೀಸೆಯಲ್ಲಿ ಹಾಕಿ, ಯಾವ ಕುರಿಯಿಂದ, ಮೂಗಿನಿಂದಲೋ ಗಾಯದಿಂದಲೋ, ಯಾವ ತಿಂಗಳಲ್ಲಿ ಬಿದ್ದದ್ದೆಂದು ಚೀಟಿ ಬರೆದು ಪಶುವೈದ್ಯರಿಗೆ ತೋರಿಸಿ. ಎರಡಕ್ಕೂ ಕೊಡುವ ಔಷಧ ಕೆಲವೊಮ್ಮೆ ಒಂದೇ ಆದರೂ, ಗಾಯದ ಹುಳುವಿಗೆ ಗಾಯವನ್ನು ಶುಚಿಮಾಡಿ ಹುಳುಗಳನ್ನು ತೆಗೆಯಲೇಬೇಕು. ಮೂಗಿನ ಹುಳುವಿಗೆ ಇಡೀ ಹಿಂಡಿಗೆ ಯಾವ ತಿಂಗಳಲ್ಲಿ ಔಷಧ ಕೊಡಬೇಕೆಂಬುದನ್ನು ನಿಮ್ಮ ಸೀಮೆಯಲ್ಲಿ ನೊಣ ಹಾರುವ ಕಾಲವನ್ನು ನೋಡಿ ವೈದ್ಯರೇ ನಿರ್ಧರಿಸುತ್ತಾರೆ.